ಸಂಗೀತಗಾರರ ಇಯರ್‌ಪ್ಲಗ್ ಅಂತ ಕೊಟ್ಟಿದ್ದರಲ್ಲಿ ತೂತೇ ಇಲ್ಲ

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು

ಇಂದ,
ಡ್ರಮ್ಸ್ ಬಾರಿಸುವ ನಿಮ್ಮ ಗ್ರಾಹಕ
ಸರಸ್ವತಿಪುರಂ, ಮೈಸೂರು

ವಿಷಯ: 1,899 ರೂಪಾಯಿಯ ಇಯರ್‌ಪ್ಲಗ್ ಜೋಡಿ ವಾಪಸ್ ತೆಗೆದುಕೊಂಡು ಹಣ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ಹದಿನಾಲ್ಕು ವರ್ಷದಿಂದ ಮೈಸೂರು, ಮಂಡ್ಯ ಕಡೆಯ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಬಾರಿಸುತ್ತಿದ್ದೇನೆ. ಹಗಲು ಜೆರಾಕ್ಸ್ ಅಂಗಡಿ, ಸಂಜೆ ಕಾರ್ಯಕ್ರಮ. ಮದುವೆ, ಊರಹಬ್ಬ, ಗಣೇಶನ ಪೆಂಡಾಲ್ ಯಾವುದನ್ನೂ ಬಿಟ್ಟಿಲ್ಲ. ಇಷ್ಟು ವರ್ಷ ಕಿವಿಗೆ ಏನೂ ಹಾಕಿಕೊಳ್ಳದೆ ಬಾರಿಸಿದ್ದು ನನ್ನ ತಪ್ಪು. ಈಚೆಗೆ ಕಾರ್ಯಕ್ರಮ ಮುಗಿದ ಮೇಲೆ ರಾತ್ರಿಯೆಲ್ಲ ಕಿವಿಯಲ್ಲಿ ಕುಂಯ್ ಅನ್ನಲು ಶುರುವಾಯಿತು. ಅದಕ್ಕೇ ನಿಮ್ಮ ಪ್ಲಗ್ ತರಿಸಿದೆ.

ನಿಮ್ಮ ಜಾಹೀರಾತಿನಲ್ಲಿ ಹೀಗಿತ್ತು: ಸಂಗೀತಗಾರರಿಗಾಗಿಯೇ ಮಾಡಿದ್ದು, ಒಳಗೆ ಹೈ ಫಿಡೆಲಿಟಿ ಫಿಲ್ಟರ್, 27 ಡೆಸಿಬಲ್ ಕಡಿತ, ಸದ್ದು ಮಾತ್ರ ಕಡಿಮೆ, ಸ್ಪಷ್ಟತೆ ಹಾಗೇ. ಚಿತ್ರದಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಮೂರು ಅಳತೆಯ ಟಿಪ್, ಅಂದರೆ ಕಿವಿಯೊಳಗೆ ಕೂರುವ ತುದಿ, ಇದ್ದವು. ಮನೆಗೆ ಬಂದ ಡಬ್ಬಿಯಲ್ಲಿ ಒಂದೇ ಅಳತೆ. ಆಗಲೇ ವಾಪಸ್ ಕಳಿಸಬೇಕಿತ್ತು. ಹಬ್ಬದ ಸೀಸನ್, ಯಾರಿಗೆ ಪುರಸೊತ್ತು? ಸುಮ್ನೆ ಬ್ಯಾಗಿಗೆ ಹಾಕಿಕೊಂಡೆ.

ಮೊದಲ ಸಲ ಹಾಕಿಕೊಂಡಿದ್ದು ಮಂಡ್ಯದ ಹತ್ತಿರದ ಒಂದು ಹಳ್ಳಿಯ ಗಣೇಶನ ಪೆಂಡಾಲಿನಲ್ಲಿ. ನನ್ನ ಎಡಗಡೆ ನಮಗೇ ಕೇಳಿಸಲು ಇಡುವ ಸ್ಪೀಕರ್, ಮಾನಿಟರ್ ಬಾಕ್ಸ್, ಅದರ ಮೇಲ್ಗಡೆ ಕ್ರ್ಯಾಶ್ ಸಿಂಬಲ್ ಅನ್ನುವ ದೊಡ್ಡ ತಾಳದ ತಟ್ಟೆ. ಎರಡೂ ಕಿವಿಗೆ ಪ್ಲಗ್ ತುರುಕಿಕೊಂಡು ಕೂತೆ. ಮೊದಲ ಹಾಡು ಶುರುವಾದ ಕೂಡಲೇ ಗೊತ್ತಾಯಿತು, ಏನೋ ಸರಿಯಿಲ್ಲ ಅಂತ. ಹೈಹ್ಯಾಟ್, ಅಂದರೆ ಲಯ ಹಿಡಿಯುವ ಜೋಡಿ ತಟ್ಟೆಯ ಸದ್ದು, ಪೂರ್ತಿ ಮಾಯ. ಹಾಡುವ ಅಕ್ಕನ ಬಾಯಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ. ಉಳಿದಿದ್ದು ನನ್ನದೇ ಕಾಲಿನ ಕಿಕ್ ಸದ್ದು. ಅದೂ ಹೇಗೆ, ತಲೆಯ ಒಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಮೂರನೇ ಹಾಡಿನಲ್ಲಿ ಅಕ್ಕ ಚರಣ ಮುಗಿಸಿ ಪಲ್ಲವಿಗೆ ಬಂದಾಗಿತ್ತು, ನಾನು ಇನ್ನೂ ರೋಲ್ ಹೊಡೆಯುತ್ತಾ ಇದ್ದೆ. ಕೀಬೋರ್ಡ್ ಅಣ್ಣ ತಿರುಗಿ, 'ಯಾಕ್ಲಾ, ಮಲ್ಗಿದ್ದೀಯಾ?' ಅಂದರಂತೆ. ಅದೂ ನನಗೆ ಕೇಳಿಸಲಿಲ್ಲ. ಆಮೇಲೆ ಅವರೇ ಹೇಳಿ ನಕ್ಕರು.

ಬೇರೆ ದಾರಿ ಇರಲಿಲ್ಲ. ಎಡಗಿವಿಯ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಂಡೆ. ಸುಮಾರು ಎರಡು ಗಂಟೆ ಹಾಗೇ ಬಾರಿಸಿದೆ. ಮಾರನೇ ದಿನ ಬೆಳಗ್ಗೆ ಒಲೆಯ ಪಕ್ಕದಲ್ಲೇ ನಿಂತಿದ್ದೆ, ಹಾಲು ಉಕ್ಕಿ ಚೆಲ್ಲಿತು. ಹೆಂಡತಿ ಹಜಾರದಿಂದ ಎರಡು ಸಲ ಕೂಗಿದ್ದಳಂತೆ. ನನ್ನ ಎಡಗಿವಿ ಅವಳ ಕಡೆಗಿತ್ತು.

ಈಗ ಲೆಕ್ಕಕ್ಕೆ ಬರುತ್ತೇನೆ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ ದಿನಕ್ಕೆ 8 ಗಂಟೆ, 85 ಡೆಸಿಬಲ್. ಅದರ ಮೇಲೆ ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬಂದರೆ ಬರೀ 15 ನಿಮಿಷ. ನನ್ನ ಸ್ಟೂಲಿನ ಹತ್ತಿರ ಫೋನಿನ ಮೀಟರ್ 100ರ ಆಸುಪಾಸು ತೋರಿಸುತ್ತದೆ. ಫೋನನ್ನು ಪೂರ್ತಿ ನಂಬಬಾರದು, ಒಪ್ಪಿದೆ. ಆದರೂ ನಮ್ಮ ಕಾರ್ಯಕ್ರಮ ಮೂರು ಗಂಟೆಗೆ ಕಡಿಮೆ ಎಂದೂ ಮುಗಿಯುವುದಿಲ್ಲ. ಹಾಗಾದರೆ ನನಗೆ ಬೇಕಿದ್ದದ್ದು ಎಷ್ಟು? ಎಲ್ಲ ಸ್ವರವನ್ನೂ ಒಂದೇ ಸಮನೆ 15 ಡೆಸಿಬಲ್ ಇಳಿಸುವ ಪ್ಲಗ್. ಅಷ್ಟಾದರೆ ಸಾಕು. 27 ಅಂತ ದೊಡ್ಡ ಅಂಕಿ ನೋಡಿ ಖುಷಿಪಟ್ಟವನು ನಾನು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡೆ. ಕೇಳಿಸದೇ ಇದ್ದರೆ ಬಾರಿಸುವವನು ಅದನ್ನು ಕಿತ್ತೇ ಕೀಳುತ್ತಾನೆ. ಇದು ಮಾರುವ ನಿಮಗೆ ಗೊತ್ತಿರಬೇಕಿತ್ತು, ಅಲ್ವಾ? ಅದೇ ಲೆಕ್ಕದ ಪ್ರಕಾರ ಅರ್ಧ ಹೊತ್ತು ಪ್ಲಗ್ ತೆಗೆದಿಟ್ಟರೆ, ಅದು ಎಂಥ ಭಾರಿ ಪ್ಲಗ್ ಆಗಿದ್ದರೂ ಕಿವಿಗೆ ಸಿಗುವ ಲಾಭ ಸುಮಾರು 3 ಡೆಸಿಬಲ್ ಅಷ್ಟೇ.

ಆ 27 ಯಾವ ಲೆಕ್ಕದ್ದು ಅನ್ನುವುದೂ ಡಬ್ಬಿಯ ಮೇಲಿಲ್ಲ. ಅಮೆರಿಕದವರು ಎನ್‌ಆರ್‌ಆರ್ ಹಾಕುತ್ತಾರೆ, ಯುರೋಪಿನವರು ಎಸ್‌ಎನ್‌ಆರ್. ಎರಡೂ ಪ್ಲಗ್ ಎಷ್ಟು ಸದ್ದು ತಡೆಯುತ್ತದೆ ಅಂತ ಹೇಳುವ ಅಂಕಿಗಳೇ, ಆದರೆ ಒಂದೇ ಪ್ಲಗ್‌ಗೆ ಎರಡರಲ್ಲಿ ಬೇರೆ ಬೇರೆ ಅಂಕಿ ಬರುತ್ತದೆ. ಅದೂ ಲ್ಯಾಬಿನಲ್ಲಿ ಸರಿಯಾಗಿ ಹಾಕಿಸಿ ಅಳೆದದ್ದು. ನಿಜ ಬಳಕೆಯಲ್ಲಿ ಫೋಮ್ ಪ್ಲಗ್ ಆದರೆ ಎನ್‌ಆರ್‌ಆರ್‌ನಲ್ಲಿ ಅರ್ಧ ಕಳೆಯಿರಿ, ಬೇರೆ ಪ್ಲಗ್ ಆದರೆ ನೂರಕ್ಕೆ 70 ಕಳೆಯಿರಿ ಅಂದಿತ್ತು ಅದೇ ನಿಯೋಶ್, 1998ರಲ್ಲಿ. ಯಾವ ಸ್ವರ ಎಷ್ಟು ಇಳಿಯುತ್ತದೆ ಅನ್ನುವ ಗ್ರಾಫ್ ಅಂತೂ ಎಲ್ಲೂ ಇಲ್ಲ. ಸಂಗೀತದವನಿಗೆ ಬೇಕಿದ್ದದ್ದು ಅದೊಂದೇ.

ಇನ್ನು ಮುಖ್ಯ ವಿಷಯ. ಭಾನುವಾರ ಕೂತು ಎಡಗಿವಿಯ ಪ್ಲಗ್ ಅನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಹೊರಗಡೆ ಬಂಗಾರದ ಬಣ್ಣದ ಪುಟ್ಟ ಬಳೆ, ಅದರ ನಡುವೆ ಒಂದು ತೂತು. ನೋಡಿದರೆ ಫಿಲ್ಟರ್ ಅನ್ನಬೇಕು, ಹಾಗಿದೆ. ಚಿಮಟದಲ್ಲಿ ಎಳೆದರೆ ಆ ಬಳೆ ಕೈಗೇ ಬಂತು. ಅದರ ಹಿಂದೆ ಎರಡು ಮಿಲಿಮೀಟರ್ ಗುಂಡಿ. ಅಲ್ಲಿಂದ ಮುಂದೆ ಬರೀ ಗಟ್ಟಿ ಸಿಲಿಕೋನ್. ಸೂಜಿ ತೂರಿಸಿದರೂ ಹೋಗುವುದಿಲ್ಲ. ಪರದೆ ಇಲ್ಲ, ಕೊಳವೆ ಇಲ್ಲ, ಏನೂ ಇಲ್ಲ. ಬಲಗಿವಿಯದನ್ನು ಸೀಳದೆ ಹಾಗೇ ಇಟ್ಟಿದ್ದೇನೆ. ನೀವೇ ಸೀಳಿ ನೋಡಬಹುದು.

ಫಿಲ್ಟರ್ ಇರಬೇಕಾದ್ದು ಯಾಕೆ ಅಂತಲೂ ಹೇಳಿಬಿಡುತ್ತೇನೆ, ನಿಮ್ಮ ಕಸ್ಟಮರ್ ಕೇರ್‌ನವರಿಗೆ ಅದು ಗೊತ್ತಿದ್ದ ಹಾಗಿಲ್ಲ. ಕಿವಿಯ ತೂತು ಒಂದು ತುದಿ ಮುಚ್ಚಿದ ಸಣ್ಣ ಕೊಳವೆ. 2700 ಹರ್ಟ್ಸ್ ಆಸುಪಾಸಿನ ಸದ್ದನ್ನು, ಅಂದರೆ ಮೇಲಿನ ಸ್ವರಗಳನ್ನು, ಅದು ತಾನಾಗೇ ಎತ್ತಿ ಕೊಡುತ್ತದೆ. ಹಾಡಿನ ಅಕ್ಷರ ಬಿಡಿಬಿಡಿಯಾಗಿ ಕೇಳಲು ಅದು ಬೇಕು. ಗಟ್ಟಿ ಪ್ಲಗ್ ಹಾಕಿದರೆ ಆ ಸಹಾಯ ಹೋಗುತ್ತದೆ, ಮೇಲಿನ ಸ್ವರಗಳು ಜಾಸ್ತಿ ಸಾಯುತ್ತವೆ. ಒಳ್ಳೆಯ ಪ್ಲಗ್‌ನಲ್ಲಿ ಸಣ್ಣ ಕೊಳವೆ, ತೆಳು ಪರದೆ ಇಟ್ಟು ಅದನ್ನು ಮತ್ತೆ ತುಂಬಿಕೊಡುತ್ತಾರೆ. ಹೊಸ ವಿದ್ಯೆ ಏನಲ್ಲ. ಅಮೆರಿಕದ ಎಟಿಮೋಟಿಕ್ ರಿಸರ್ಚ್ 1988ರಲ್ಲೇ ಇಂಥ 15 ಡೆಸಿಬಲ್ ಫಿಲ್ಟರ್ ತಂದಿದೆ. ನಿಮ್ಮ ಪ್ಲಗ್ ಮಾಡಿದ ಕೆಲಸವನ್ನು ಮೆಡಿಕಲ್ ಸ್ಟೋರಿನ ಫೋಮ್ ಪ್ಲಗ್ ಮಾಡುತ್ತದೆ, ಕೆಲವೇ ರೂಪಾಯಿಗೆ. ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು, ಒಳಗಿಟ್ಟು ಅರ್ಧ ನಿಮಿಷ ಬೆರಳು ಒತ್ತಿ ಹಿಡಿದರೆ ಆಯಿತು. ತಾನು ಫೋಮ್ ಅಂತ ಒಪ್ಪಿಕೊಳ್ಳುವ ಮರ್ಯಾದೆಯಾದರೂ ಅದಕ್ಕಿದೆ.

ಚಾಟ್‌ನಲ್ಲಿ ಕಸ್ಟಮರ್ ಕೇರ್‌ನ ಮೊದಲ ಉತ್ತರ: 'ಸರ್, ನಿಮ್ಮ ಕಿವಿಯ ಅಳತೆ ಹೊಂದುತ್ತಿಲ್ಲ, ಬೇರೆ ಟಿಪ್ ಹಾಕಿ ನೋಡಿ.' ಬೇರೆ ಟಿಪ್ ಕಳಿಸಿಯೇ ಇಲ್ಲವಲ್ಲ! ಎರಡನೆಯವರು ಇನ್ನಷ್ಟು ಒಳಗೆ ತಳ್ಳಲು ಹೇಳಿದರು. ದಯವಿಟ್ಟು ಈ ಸಲಹೆಯನ್ನು ಇನ್ನು ಯಾರಿಗೂ ಕೊಡಬೇಡಿ, ಅಲ್ಲಿರುವುದು ಕಿವಿಯ ತಮಟೆ. ಮೂರನೆಯವರು ನೈರ್ಮಲ್ಯದ ವಸ್ತು ವಾಪಸ್ ಇಲ್ಲ ಎಂದು ಮಾತು ಮುಗಿಸಿದರು.

ಕಿವಿಯ ಕುಂಯ್ ಎರಡು ದಿನವಾದರೂ ನಿಲ್ಲಲಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಪರೀಕ್ಷೆಯ ಗ್ರಾಫಿನಲ್ಲಿ ಎಡಗಿವಿಯ ಗೆರೆ 4000 ಹರ್ಟ್ಸ್ ಹತ್ತಿರ ಸ್ವಲ್ಪ ಕೆಳಗೆ ಬಾಗಿದೆ. ಜೋರು ಸದ್ದು ಕೇಳಿ ಕೇಳಿ ಕೆಟ್ಟ ಕಿವಿಯಲ್ಲಿ ಸಾಮಾನ್ಯವಾಗಿ ಕಾಣುವ ತಗ್ಗು ಅದು. ಇದಕ್ಕೆಲ್ಲ ನೀವೇ ಹೊಣೆ ಅಂತ ನಾನು ಹೇಳುವುದಿಲ್ಲ. ಹದಿನಾಲ್ಕು ವರ್ಷದ ಬಾಕಿ ಅದರಲ್ಲಿದೆ, ಅವತ್ತು ಪ್ಲಗ್ ಕಿತ್ತವನೂ ನಾನೇ. 1965ರಿಂದ ಕಿವಿಗೆಂದೇ ಇಂಥ ಸಂಸ್ಥೆ ಇರುವ ಊರಿನವನು, ಮೊದಲು ಅಲ್ಲಿಗೆ ಹೋಗಿ ಕೇಳದೆ ಫೋನಿನಲ್ಲಿ ಪ್ಲಗ್ ಹುಡುಕಿದ್ದು ನನ್ನ ದಡ್ಡತನ. ಆದರೆ ಇಲ್ಲದ ಫಿಲ್ಟರ್ ಇದೆ ಅಂತ ಮಾರಿದ್ದು ನೀವು. ಅದನ್ನು ಮಾತ್ರ ಕೇಳುತ್ತಿದ್ದೇನೆ.

ನಾನು ಕೊಟ್ಟ 1,899 ರೂಪಾಯಿ ಪೂರ್ತಿ ವಾಪಸ್ ಬೇಕು. ಕೂಪನ್, ಪಾಯಿಂಟ್ ಬೇಡ. ಮಾಲನ್ನು ನಿಮ್ಮ ಖರ್ಚಿನಲ್ಲೇ ಒಯ್ಯಿರಿ. ಜಾಹೀರಾತಿನಿಂದ ಫಿಲ್ಟರ್ ಅನ್ನುವ ಮಾತು ತೆಗೆಯಿರಿ, ಇಲ್ಲ ಅಳತೆಯ ಗ್ರಾಫ್ ಹಾಕಿ. ದಸರಾ ಹತ್ತಿರ ಬಂತು, ನಮ್ಮ ತಂಡದ ಇಬ್ಬರು ಹುಡುಗರು ಇದೇ ಪ್ಲಗ್ ತರಿಸಲು ಹೊರಟಿದ್ದರು, ನಾನೇ ತಡೆದೆ. ಡಬ್ಬಿಯ ಮೇಲೆ ಎಂಆರ್‌ಪಿ ಇಲ್ಲ, ಯಾವ ದೇಶದ ಮಾಲು ಅಂತ ಇಲ್ಲ, ತರಿಸಿದವರ ವಿಳಾಸವೂ ಇಲ್ಲ. ಇದಕ್ಕೂ ಉತ್ತರ ಬರೆಯಿರಿ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನನ್ನ ಮೊದಲ ಇಮೇಲ್‌ಗೆ ಹತ್ತು ದಿನವಾದರೂ ಒಂದು ಸಾಲಿನ ಉತ್ತರ ಇಲ್ಲ. ಈ ಪತ್ರಕ್ಕೂ ಹಾಗೇ ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ದೂರಿನ ಶುಲ್ಕವಿಲ್ಲ.

ಬಿಲ್, ಚಾಟ್‌ನ ಫೋಟೋ, ಸೀಳಿದ ಪ್ಲಗ್‌ನ ಫೋಟೋ ಜೊತೆಗಿವೆ. ಎರಡೂ ಪ್ಲಗ್‌ಗಳನ್ನು ಬಂಗಾರದ ಬಳೆಯ ಸಮೇತ ಕವರಿನಲ್ಲಿ ಹಾಕಿಟ್ಟಿದ್ದೇನೆ. ಒಯ್ಯಲು ಬರುವವರು ಸಂಜೆ 6ರ ಮೇಲೆ ಬರಲಿ, ಅಲ್ಲಿಯವರೆಗೆ ಅಂಗಡಿಯಲ್ಲಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ