ಜೋಡಣೆಯನ್ನು ಬರೆಯಿರಿ

ಪ್ರೀತಿಯ ಗೆಳತಿಗೆ,

ವಿಜ್ಞಾನದ ಮೂಲ ಘಟಕಗಳ ಬಗ್ಗೆ ನೀವು ಬರೆದ ಲೇಖನದ ಕರಡನ್ನು ಓದಿದೆ. ಪರಮಾಣು, ಡಿಎನ್‌ಎ, ಅವಿಭಾಜ್ಯ ಸಂಖ್ಯೆ, ಕಂಪ್ಯೂಟರಿನ ಬಿಟ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, 'ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಮನೆ ಕಟ್ಟಿದ ಹಾಗೆ' ಎಂದು ಮುಗಿಸಿದ್ದೀರಿ. ವಿಷಯದ ಮೇಲೆ ನಿಮಗಿರುವ ಪ್ರೀತಿ ಸಾಲುಸಾಲಿನಲ್ಲೂ ಕಾಣುತ್ತದೆ. ಆದರೆ ಆ ಹೋಲಿಕೆಯನ್ನು ಕೈಬಿಡಿ. ಗೋಡೆಯ ಎರಡು ಇಟ್ಟಿಗೆಗಳನ್ನು ಅದಲುಬದಲು ಮಾಡಿದರೆ ಮನೆಗೆ ಏನೂ ಆಗುವುದಿಲ್ಲ. ವಿಜ್ಞಾನದ ಮೂಲ ಘಟಕಗಳಿಗೆ ಈ ಮಾತು ಒಪ್ಪುವುದಿಲ್ಲ. ಯಾವುದರ ಪಕ್ಕ ಯಾವುದಿದೆ, ಯಾವ ನಿಯಮದಿಂದ ಕೂಡಿದೆ ಎಂಬುದರಲ್ಲೇ ಅಲ್ಲಿನ ಸೋಜಿಗವೆಲ್ಲ ಇರುವುದು.

ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್ ನೋಡಿ. ಅದರ ಬೀಟಾ ಎಂಬ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಕೊಂಡಿಗಳು, ಇವೆ. 6ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂತರೆ ಸಾಕು, ಆಮ್ಲಜನಕ ಬಿಟ್ಟುಕೊಟ್ಟ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ವ್ಯಾಲೀನ್‌ಗೆ ನೀರಿನ ಸಹವಾಸ ಒಗ್ಗದು. ಹಾಗಾಗಿ ಪಕ್ಕದ ಅಣುವಿನ ಮೇಲಿರುವ ಒಂದು ಕುಳಿಯಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಈ ಬದಲಾವಣೆ ತಂದೆ ತಾಯಿ ಇಬ್ಬರಿಂದಲೂ ಬಂದಿದ್ದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಸಿಕಲ್ ಸೆಲ್ ಕಾಯಿಲೆಯ ಮೂಲ ಇದೇ. ಡಿಎನ್‌ಎಯಲ್ಲಿ ಬದಲಾದದ್ದು ಒಂದೇ ಒಂದು ಅಕ್ಷರ. 'ಜೀವವೆಲ್ಲ ಸರಳ ಘಟಕಗಳಿಂದಾಗಿದೆ' ಎಂಬ ನಿಮ್ಮ ವಾಕ್ಯ ಸುಳ್ಳಲ್ಲ, ಆದರೆ ಓದುಗರು ನಿಲ್ಲುವುದು ಈ ಆರನೆಯ ಜಾಗದಲ್ಲಿ.

ಓದುಗರಿಗೆ ತೀರ್ಪನ್ನು ಕೊಡುವ ಮೊದಲು ಲೆಕ್ಕವನ್ನು ಅವರ ಕೈಗೇ ಕೊಡಿ ಎಂಬುದು ನನ್ನ ಇನ್ನೊಂದು ಕೋರಿಕೆ. ಡಿಎನ್‌ಎಗೆ ಅಕ್ಷರ ನಾಲ್ಕು, ಅದು ಹೆಸರಿಸಬೇಕಾದ ಅಮೈನೋ ಆಮ್ಲ ಇಪ್ಪತ್ತು. ಎರಡೆರಡು ಅಕ್ಷರ ಕೂಡಿಸಿದರೆ 16 ಜೋಡಿಗಳು ಮಾತ್ರ, ಸಾಲದು. ಮೂರು ಮೂರಾದರೆ 64, ಬೇಕಾದಷ್ಟಾಯಿತು. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಲೆಕ್ಕ ಕೊಟ್ಟದ್ದು ಬರೀ ಊಹೆ. 1961ರಲ್ಲಿ ಫ್ರಾನ್ಸಿಸ್ ಕ್ರಿಕ್, ಸಿಡ್ನಿ ಬ್ರೆನ್ನರ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾಗೆ ಅಂಟುವ ವೈರಸ್ಸಿನ ಡಿಎನ್‌ಎಗೆ ಅಕ್ಷರ ಸೇರಿಸಿ ನೋಡಿದರು. ಒಂದು ಸೇರಿದಾಗ ಜೀನ್ ಕೆಟ್ಟಿತು, ಎರಡು ಸೇರಿದಾಗಲೂ ಕೆಟ್ಟಿತು. ಮೂರು ಸೇರಿದಾಗ ಮತ್ತೆ ಕೆಲಸ ಮಾಡತೊಡಗಿತು! ಅಂದರೆ ಅಕ್ಷರಗಳನ್ನು ಓದುವುದು ಮೂರು ಮೂರಾಗಿಯೇ. ಸಂಶೋಧನೆ ಎಂದರೇನು ಎಂದು ಬೇರೆಯಾಗಿ ವಿವರಿಸಲೇ ಬೇಡಿ, ಇದೊಂದನ್ನು ನಿಧಾನವಾಗಿ ಹೇಳಿ.

ಕಂಪ್ಯೂಟರಿನ ಭಾಗವನ್ನು ನೀವು ಎರಡು ಸಾಲಿನಲ್ಲಿ ದಾಟಿದ್ದೀರಿ. ಅಲ್ಲಿ ಕೂಡ ಜೋಡಣೆಯನ್ನು ಪುಟದ ಮೇಲೇ ಮಾಡಿ ತೋರಿಸಬಹುದಿತ್ತು. ಗೇಟ್ ಎಂದರೆ 0, 1 ಸಂಕೇತಗಳನ್ನು ಪಡೆದು ಒಂದು ಉತ್ತರ ಕೊಡುವ ಪುಟ್ಟ ವಿದ್ಯುತ್ ಮಂಡಲ. ನ್ಯಾಂಡ್ ಎಂಬ ಗೇಟಿಗೆ ಎರಡು ಇನ್‌ಪುಟ್. ಎರಡೂ 1 ಆದಾಗ ಮಾತ್ರ ಉತ್ತರ 0, ಉಳಿದಂತೆ 1. ಎರಡೂ ಕಡೆಗೆ ಒಂದೇ ಸಂಕೇತ ಕೊಟ್ಟರೆ ಅದು 'ಅಲ್ಲ' ಎನ್ನುವ ಗೇಟಾಗುತ್ತದೆ. ನ್ಯಾಂಡ್‌ನ ಉತ್ತರಕ್ಕೆ ಆ 'ಅಲ್ಲ'ವನ್ನು ಹೂಡಿದರೆ 'ಮತ್ತು' ಸಿಕ್ಕಿತು. ಎರಡೂ ಇನ್‌ಪುಟ್‌ಗಳನ್ನು ಮೊದಲೇ 'ಅಲ್ಲ'ದಿಂದ ತಿರುಗಿಸಿ ನ್ಯಾಂಡ್‌ನ ಒಳಗೆ ಬಿಟ್ಟರೆ 'ಅಥವಾ'. ಇಂಥ ಒಂದೇ ಕ್ರಿಯೆಯಿಂದ ಬೂಲಿಯನ್ ತರ್ಕವನ್ನೆಲ್ಲ, ಅಂದರೆ 'ಹೌದು-ಅಲ್ಲ'ಗಳ ಲೆಕ್ಕವನ್ನೆಲ್ಲ, ಕಟ್ಟಬಹುದೆಂದು ತರ್ಕಶಾಸ್ತ್ರಜ್ಞ ಹೆನ್ರಿ ಶೆಫರ್ 1913ರಲ್ಲೇ ತೋರಿಸಿದ್ದರು. ಮನುಷ್ಯರನ್ನು ಚಂದ್ರನ ಮೇಲಿಳಿಸಿದ ಅಪೊಲೊ ನೌಕೆಯ ಕಂಪ್ಯೂಟರಿನ ತರ್ಕಭಾಗವನ್ನು ಕಟ್ಟಿದ್ದು ನ್ಯಾಂಡ್‌ನ ಜೊತೆಗಾರನಾದ, ಎಲ್ಲ ಇನ್‌ಪುಟ್‌ಗಳೂ 0 ಆದಾಗ ಮಾತ್ರ 1 ಕೊಡುವ ನಾರ್ ಗೇಟಿನಿಂದ.

ಗಣಿತದ ವಿಷಯದಲ್ಲಿ ಒಂದು ಎಚ್ಚರಿಕೆ. ಅವಿಭಾಜ್ಯ ಸಂಖ್ಯೆಗಳು 'ಸಂಖ್ಯೆಗಳ ಮೂಲ ಘಟಕ' ಎಂದು ಬರೆದಿದ್ದೀರಿ. ಗುಣಾಕಾರಕ್ಕೆ ಹೌದು: 1ಕ್ಕಿಂತ ದೊಡ್ಡದಾದ ಪ್ರತಿ ಪೂರ್ಣಸಂಖ್ಯೆಯನ್ನೂ ಅವುಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಸಂಕಲನಕ್ಕೆ ಬಂದರೆ ಚಿತ್ರವೇ ಬೇರೆ. 2ಕ್ಕಿಂತ ದೊಡ್ಡದಾದ ಪ್ರತಿ ಸಮಸಂಖ್ಯೆಯೂ ಎರಡು ಅವಿಭಾಜ್ಯಗಳ ಮೊತ್ತವೇ? 1742ರಲ್ಲಿ ಗಣಿತಜ್ಞರಾದ ಗೋಲ್ಡ್‌ಬಾಕ್ ಮತ್ತು ಆಯ್ಲರ್ ನಡುವಿನ ಪತ್ರಗಳಲ್ಲಿ ಎದ್ದ ಈ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ಒಂದು ವಸ್ತು ಘಟಕವಾಗುವುದು ಒಂದು ನಿರ್ದಿಷ್ಟ ಕ್ರಿಯೆಗೆ. ಯಾವ ಕ್ರಿಯೆಗೆ ಎಂದು ಹೇಳದೆ 'ಮೂಲ ಘಟಕ' ಎಂಬ ಮಾತನ್ನು ಬಳಸಬೇಡಿ.

ಮುಂದಿನ ಕರಡಿನಲ್ಲಿ ನಾನು ಹೇಳಿದ ಈ ನಾಲ್ಕು ಉದಾಹರಣೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ. ಗೋಲ್ಡ್‌ಬಾಕ್ ಆರಿಸಿದರೆ 100ರವರೆಗಿನ ಸಮಸಂಖ್ಯೆಗಳನ್ನು ಮೊದಲು ನೀವೇ ಕೈಯಾರೆ ಒಡೆದು ನೋಡಿ. ಹಿಮೋಗ್ಲೋಬಿನ್ ಆದರೆ, ನನಗೆ ಕಳಿಸುವ ಮುಂಚೆ ರಕ್ತದ ಕಾಯಿಲೆಗಳನ್ನು ಬಲ್ಲ ವೈದ್ಯರೊಬ್ಬರಿಗೆ ತೋರಿಸಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಗೆಳೆಯ