ಭಾನುವಾರದ ಆಟಕ್ಕೆ ನನ್ನ ಓಟು

ಎಲ್ರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ಸರಸ್ವತಿಪುರಂ ನಮ್ಮನೇಲಿ ಸೇರೋದು ಖಾಯಂ. ಯಾವ ವಿಡಿಯೋ ಗೇಮ್ ಆಡೋದು ಅಂತ ಇವತ್ತು ರಾತ್ರಿಯೊಳಗೆ ಹೇಳ್ಬಿಡಿ.

ನನ್ನ ಓಟು ‘ಕಾಂಟ್ರಾ’ಗೆ, ಇಬ್ರು ಒಟ್ಟಿಗೆ ಶೂಟ್ ಮಾಡ್ತಾ ಆಡೋ ಗೇಮ್. 1987ರದ್ದು, ಹಳೇದು ಅಂತ ಮೂಗು ಮುರೀಬೇಡಿ. ಜಲಪಾತದ ಲೆವೆಲ್‌ನಲ್ಲಿ ಒಬ್ಬ ಸರಸರ ಮೇಲೆ ಹತ್ಬಿಟ್ರೆ ಹಿಂದೆ ಉಳಿದೋನು ಸ್ಕ್ರೀನಿನ ಕೆಳಗೆ ಹೋಗಿ ಸಾಯ್ತಾನೆ. ನಮ್ಮಣ್ಣ ಹಂಗೆ ನನ್ನ ಎಷ್ಟು ಸಲ ಸಾಯಿಸಿದಾನೋ, ಲೆಕ್ಕ ಇಲ್ಲ! ಶುರುವಲ್ಲೇ ಬಟನ್‌ಗಳನ್ನ ಒಂದು ಕ್ರಮದಲ್ಲಿ ಒತ್ತಿ 30 ಲೈಫ್ ತಗೊಳ್ಳೋ ಕೋಡ್ ಮಾತ್ರ ಬೇಡ, ಅದು ಕಳ್ಳಾಟ.

‘ವೈಸ್ ಸಿಟಿ’ ಗೇಮ್‌ನಲ್ಲಿ ರೇಡಿಯೋ ಹಾಕ್ಕೊಂಡು ಗಾಡಿ ಓಡ್ಸೋದು ನಂಗೂ ಇಷ್ಟಾನೇ. ಆದ್ರೆ ಒಬ್ರು ಆಡ್ತಿದ್ರೆ ಮಿಕ್ಕೋರು ಬಾಯಿ ನೋಡ್ಕೊಂಡು ಕೂರ್ಬೇಕು.

ನಮ್ಮನೇದೊಂದು ಕಂಟ್ರೋಲರ್‌ನ ಬಟನ್ ಕೈಕೊಟ್ಟಿದೆ, ಇದ್ದೋರು ತನ್ನಿ. ಚುರುಮುರಿ ನಮ್ಮಮ್ಮಂದು.