ಊರ ಮಾತಿಗೆ ಅಂಕ ಕಡಿಯಬೇಡಿ

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಯ ಪ್ರೌಢಶಾಲೆಯೊಂದರ ಭಾಷಣ ಸ್ಪರ್ಧೆಗೆ ಈಚೆಗೆ ಹೋಗಿದ್ದೆ. ಎಂಟನೆಯ ತರಗತಿಯ ಬಾಲಕಿಯೊಬ್ಬಳು ಹಿಂಗಾರಿ ಜೋಳದ ಬಿತ್ತನೆಯ ಕುರಿತು ಮಾತನಾಡಿದಳು. ಕೂರಿಗೆಯ ಬಟ್ಟಲಿಗೆ ತನ್ನ ಅಜ್ಜಿ ಹಿಡಿಕಾಳನ್ನು ಸಮನಾಗಿ ಬಿಡುವ ಬಗೆಯನ್ನು ಕೈಯಾಡಿಸಿ ತೋರಿಸಿದಳು. ಸಭೆ ಕಿವಿಗೊಟ್ಟು ಕೇಳಿತು. ಆದರೆ ‘ಮಾಡೂದು’, ‘ಹೋಗೂದು’ ಎಂದಳೆಂಬ ಕಾರಣಕ್ಕೆ ತೀರ್ಪುಗಾರರು ‘ಭಾಷೆ ಅಶುದ್ಧ’ ಎಂದು ಅಂಕ ಕಡಿದರು. ಕನ್ನಡ ಕಲಿಸಿಯೇ ನಿವೃತ್ತನಾದ ನನಗೆ ಇದು ತೀರಾ ನೋವು ತಂದಿತು. ಬರಹದ ಕನ್ನಡವನ್ನು ಮಕ್ಕಳು ಕಲಿಯಲೇಬೇಕು. ಅದಕ್ಕಾಗಿ ಮನೆಯ ಮಾತಿಗೆ ನಾಚುವಂತೆ ಮಾಡಬೇಕೇ?

ನನ್ನ ಮಗಳ ಸಂಸಾರ ಸ್ವೀಡನ್ನಿನ ದಕ್ಷಿಣದ ಲುಂಡ್ ನಗರದಲ್ಲಿದೆ. ಆ ಸ್ಕೋನೆ ಸೀಮೆ 1658ರವರೆಗೆ ಡೆನ್ಮಾರ್ಕಿಗೆ ಸೇರಿತ್ತು. ಸ್ಟಾಕ್‌ಹೋಮಿನವರು ನಾಲಿಗೆಯ ತುದಿಯಿಂದ ನುಡಿಯುವ ‘ರ’ಕಾರವನ್ನು ಸ್ಕೋನೆಯವರು ಇಂದಿಗೂ ಗಂಟಲಿನಿಂದ ಹೊರಡಿಸುತ್ತಾರೆ. ಅಲ್ಲಿ ಬೆಳೆದ ನನ್ನ ಮೊಮ್ಮಗನೂ ಹಾಗೆಯೇ ನುಡಿಯುತ್ತಾನೆ. ಅವನ ಶಿಕ್ಷಕರು ಅದನ್ನು ತಿದ್ದುವ ಗೋಜಿಗೆ ಹೋಗಿಲ್ಲ. ಹಿಂದೆ ಆ ದೇಶದ ಶಾಲೆಗಳೂ ಹಳ್ಳಿಯ ಮಾತನ್ನು ಹೀಗಳೆದದ್ದುಂಟು. ದಲಾರ್ನಾ ಪ್ರಾಂತದ ಎಲ್ವ್‌ದಾಲೆನ್ ಎಂಬಲ್ಲಿನ ನುಡಿ ಉಳಿದ ಸ್ವೀಡಿಷರಿಗೆ ಅರ್ಥವೇ ಆಗುವುದಿಲ್ಲ. ಹಳೆಯ ಕಾಲದ ಅನುನಾಸಿಕ ಸ್ವರಗಳು ಅದರಲ್ಲಿ ಇನ್ನೂ ಉಳಿದಿವೆ. ಅದನ್ನಾಡುವವರು ಕೆಲವೇ ಸಾವಿರ ಮಂದಿ. ಅವರು 1984ರಲ್ಲಿ ಸಂಘ ಕಟ್ಟಿದರು. 2005ರಲ್ಲಿ ತಮ್ಮ ನುಡಿಗೊಂದು ಬರಹದ ಕ್ರಮವೂ ಸಿದ್ಧವಾಯಿತು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಸುಮಾರು 2000ದ ಹೊತ್ತಿಗೆ ಲುಂಡ್, ಸ್ಟಾಕ್‌ಹೋಮ್ ಮತ್ತು ಉಮಿಯೋ ವಿಶ್ವವಿದ್ಯಾಲಯಗಳು ಕೂಡಿ ಮಾಡಿದ ಕೆಲಸ. ಸ್ವೀಡನ್ ಮತ್ತು ಫಿನ್ಲೆಂಡಿನ ಸ್ವೀಡಿಷ್ ಸೀಮೆಯ ನೂರಕ್ಕೂ ಹೆಚ್ಚು ಊರುಗಳಿಗೆ ಹೋಗಿ, ಊರಿಗೆ ಸುಮಾರು ಹನ್ನೆರಡು ಜನರಂತೆ ಮಾತನ್ನು ಧ್ವನಿಮುದ್ರಿಸಿಕೊಂಡರು. ಹಿರಿಯರು, ಕಿರಿಯರು, ಗಂಡಸರು, ಹೆಂಗಸರು ಎಲ್ಲರನ್ನೂ ಸೇರಿಸಿಕೊಂಡದ್ದರಿಂದ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ನುಡಿ ಹೇಗೆ ಬದಲಾಗಿದೆ ಎಂಬುದು ಕಿವಿಗೇ ಗೊತ್ತಾಗುತ್ತದೆ.

ನಮ್ಮಲ್ಲಿ ಹಾನಗಲ್ಲಿನ ಭತ್ತದ ಸೀಮೆಯ ಮಾತೇ ಬೇರೆ, ನರಗುಂದದ ಎರೆಸೀಮೆಯ ಮಾತೇ ಬೇರೆ. ಕೂರಿಗೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಮೇಲೆ ಬಿತ್ತನೆಯ ಎಷ್ಟೋ ಮಾತುಗಳು ಹಿರಿಯರ ಬಾಯಲ್ಲಷ್ಟೇ ಉಳಿದಿವೆ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನಪೀಠ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಇಂಥದೇ ಕೆಲಸವನ್ನು ಕೈಗೆತ್ತಿಕೊಳ್ಳಲಿ. ಸ್ನಾತಕೋತ್ತರ ವಿದ್ಯಾರ್ಥಿಗಳ ಕೈಯಲ್ಲಿರುವ ಮೊಬೈಲ್ ಆರಂಭಕ್ಕೆ ಸಾಕು. ಶಿಕ್ಷಣ ಇಲಾಖೆಯೂ ಭಾಷಣ ಸ್ಪರ್ಧೆಗಳ ನಿಯಮದಲ್ಲಿ ಊರ ಮಾತಿಗೆ ಅಂಕ ಕಡಿಯಬಾರದೆಂದು ಸ್ಪಷ್ಟವಾಗಿ ಸೇರಿಸಲಿ. ರೋಣ ಮತ್ತು ನರಗುಂದ ತಾಲೂಕುಗಳಲ್ಲಿ ವಿದ್ಯಾರ್ಥಿಗಳ ಜೊತೆ ಊರೂರು ತಿರುಗಲು ನಾನು ಸಿದ್ಧನಿದ್ದೇನೆ.

– ನಿವೃತ್ತ ಕನ್ನಡ ಶಿಕ್ಷಕ, ಗದಗ